ಫ್ಯೂಸ್ ಹೋದ್ರೆ ದಪ್ಪ ತಂತಿ ಕಟ್ಟಬೇಡಿ | ಹಳೇ ರೇಡಿಯೋ ಸರಣಿ, ಭಾಗ 4

ಹಳೇ ವಾಲ್ವ್ ಸೆಟ್ ಸಿಕ್ಕಿದ ಕೂಡಲೇ ಪ್ಲಗ್ ಹಾಕಿ "ಓಡುತ್ತಾ ನೋಡೋಣ" ಅನ್ನೋ ರೀಲ್ಸ್ ನೋಡಿರ್ತೀರಿ. ನನ್ನ ಪ್ರಕಾರ ಆ ಸೆಟ್ಟಿಗೆ ಮಾಡಬಹುದಾದ ಅತಿ ಕೆಟ್ಟ ಕೆಲಸ ಅದೇ. ಮಾಡೋರಿಗೂ ಒಳ್ಳೇದಲ್ಲ.

ಜಾಲಹಳ್ಳಿಯವರಿಗೆ ಇದು ದೂರದ ವಿಷಯ ಅಲ್ಲ. 1954ರಲ್ಲಿ ಇಲ್ಲಿ ಶುರುವಾದ ಬಿಇಎಲ್, 1961ರಲ್ಲಿ ರಿಸೀವಿಂಗ್ ವಾಲ್ವ್ ತಯಾರಿಕೆಗೆ ಇಳಿಯಿತು; 1967ರ ಹೊತ್ತಿಗೆ ಟ್ರಾನ್ಸ್‌ಮಿಟಿಂಗ್ ವಾಲ್ವ್ ಕೂಡ. ಕಾಲೋನಿ ಸುತ್ತಮುತ್ತಲ ಹಳೇ ಮನೆಗಳ ಅಟ್ಟದಲ್ಲಿ ವಾಲ್ವ್ ಸಿಕ್ಕರೆ ಆಶ್ಚರ್ಯ ಇಲ್ಲ. ಹಿಂದಿನ ತಲೆಮಾರಿನ ಹ್ಯಾಮ್‌ಗಳು 807 ವಾಲ್ವ್ ಹಾಕಿ ಟ್ರಾನ್ಸ್‌ಮಿಟರನ್ನ ತಾವೇ ಕಟ್ಟಿಕೊಳ್ತಿದ್ರು. ಮನೇಲಿ ಕಟ್ಟಿದ ಸೆಟ್ ಅಂದ್ರೆ ಮ್ಯಾನ್ಯುಯಲ್ ಇರಲ್ಲ. ಯಾವ ವೈರ್ ಎಲ್ಲಿಗೆ ಹೋಗುತ್ತೆ ಅಂತ ಕಟ್ಟಿದವರಿಗೇ ಗೊತ್ತು.

ಇಂಥ ಸೆಟ್ಟಿನ ಸಾಮಾನ್ಯ ಕಾಯಿಲೆ: ಆನ್ ಮಾಡಿದ್ರೆ ಫ್ಯೂಸ್ ಢಮಾರ್. ನಮ್ಮೂರ ಮದ್ದೂ ಗೊತ್ತಲ್ಲ, ಇನ್ನೊಂದು ಎಳೆ ತಂತಿ ಸೇರಿಸಿ ಕಟ್ಟೋದು! ಆಮೇಲೆ ಸುಡೋದು ಟ್ರಾನ್ಸ್‌ಫಾರ್ಮರ್. ಫ್ಯೂಸ್ 20 ರೂಪಾಯಿಯೊಳಗೆ ಬರುತ್ತೆ, ಆ ಟ್ರಾನ್ಸ್‌ಫಾರ್ಮರ್ ಮತ್ತೆ ಸುತ್ತಿಸಬೇಕು.

ಮೊದಲು ಜೀವದ ಲೆಕ್ಕ. ಫಿಲ್ಟರ್‌ನಲ್ಲಿ 16 ಮೈಕ್ರೋಫ್ಯಾರಡ್, 700 ವೋಲ್ಟ್ ಇದೆ ಅಂತಿಟ್ಕೊಳ್ಳಿ. ಪಿಯುಸಿ ಸೂತ್ರ ಹಾಕಿ: ಸುಮಾರು 4 ಜೂಲ್. ಕೈಯಿಂದ ಕೈಗೆ, ಎದೆ ಮೂಲಕ ಹರಿದ್ರೆ ತಮಾಷೆ ಅಲ್ಲ. ಇದನ್ನ ಖಾಲಿ ಮಾಡೋಕೆ ಬ್ಲೀಡರ್ ರೆಸಿಸ್ಟರ್ ಇರುತ್ತೆ. 50 ಕಿಲೋ ಓಮ್ ಇದ್ರೆ ನಾಲ್ಕೈದು ಸೆಕೆಂಡಲ್ಲಿ ಕೆಲಸ ಮುಗೀತು. ಆದ್ರೆ ಅದು ಸೆಟ್ ಆನ್ ಇರುವಷ್ಟು ಹೊತ್ತೂ ಸುಮಾರು 10 ವ್ಯಾಟ್ ಬಿಸಿ ತಿನ್ನೋ ಭಾಗ, ವರ್ಷಗಳ ಮೇಲೆ ಒಳಗೇ ಕಡಿದು ಹೋಗುತ್ತೆ. ಆಗ ಪ್ಲಗ್ ಕಿತ್ತ ಎಷ್ಟೋ ಹೊತ್ತಿನ ಮೇಲೂ ಚಾರ್ಜ್ ಹಾಗೇ ಕೂತಿರುತ್ತೆ.

ಹಾಗಾಗಿ ಪ್ಲಗ್ ಕಿತ್ತು, ಒಂದು ಕೈ ಜೇಬಲ್ಲಿಟ್ಟು, 10 ಕಿಲೋ ಓಮ್ 10 ವ್ಯಾಟ್ ರೆಸಿಸ್ಟರನ್ನ ಇನ್ಸುಲೇಟೆಡ್ ಹಿಡಿಕೆಯ ತುದಿಗೆ ಕಟ್ಟಿ ಡಿಸ್ಚಾರ್ಜ್ ಮಾಡಿ. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸೋ ಶೋಕಿ ಬೇಡ. ಆಮೇಲೂ ಚಾಸಿಗೆ ಒಂದು ಕ್ಲಿಪ್ ಹಾಕೇ ಇಡಿ, ಖಾಲಿಯಾದ ಕೆಪಾಸಿಟರ್‌ನಲ್ಲಿ ಸ್ವಲ್ಪ ವೋಲ್ಟೇಜ್ ತಾನಾಗೇ ಮರಳಿ ಬರುತ್ತೆ.

ಇನ್ನು ಹುಡುಕಾಟ. 100 ವ್ಯಾಟ್ ಹಳೇ ಬುರುಡೆ ಬಲ್ಬನ್ನ (ಎಲ್ಇಡಿ ಅಲ್ಲ!) ಮೇನ್ಸ್‌ಗೆ ಸೀರೀಸಲ್ಲಿ ಹಾಕಿ. ಶಾರ್ಟ್ ಇದ್ರೆ ಬಲ್ಬ್ ಪೂರ್ತಿ ಉರಿಯುತ್ತೆ, ಸೆಟ್ ಉಳಿಯುತ್ತೆ. ಆಫ್ ಮಾಡಿ, ಪ್ಲಗ್ ಕಿತ್ತು, ಮತ್ತೆ ಡಿಸ್ಚಾರ್ಜ್ ಮಾಡಿ ರೆಕ್ಟಿಫೈಯರ್ ವಾಲ್ವ್ ತೆಗೆಯಿರಿ, ತಿರುಗಿ ಆನ್ ಮಾಡಿ. ಬಲ್ಬ್ ಮಂಕಾಯ್ತಾ? ತಪ್ಪು ಆ ವಾಲ್ವಲ್ಲೋ ಅದರ ಮುಂದೋ ಇದೆ, ಹೆಚ್ಚಾಗಿ ಒಣಗಿದ ಫಿಲ್ಟರ್ ಕೆಪಾಸಿಟರ್. ಇನ್ನೂ ಹಾಗೇ ಉರೀತಿದ್ರೆ ಟ್ರಾನ್ಸ್‌ಫಾರ್ಮರನ್ನೇ ಅನುಮಾನಿಸಿ. ಒಂದೇ ಹೆಜ್ಜೆಗೆ ಅರ್ಧ ಸರ್ಕ್ಯೂಟ್ ಲೆಕ್ಕದಿಂದ ಹೊರಗೆ. ಮಿಕ್ಕಿದ್ದನ್ನ ಪವರ್ ಇಲ್ಲದೆ ಓಮ್ಸ್‌ನಲ್ಲೇ ಅಳೆಯಿರಿ. ಎಸ್‌ಪಿ ರೋಡಿನ ಅಗ್ಗದ ಮೀಟರ್ ಡಯಲ್ ಮೇಲೆ 1000 ವೋಲ್ಟ್ ಅಂತ ಬರೆದಿದೆ ಅಂದ ಮಾತ್ರಕ್ಕೆ ಅದನ್ನ ನಂಬಿ 700 ವೋಲ್ಟಿಗೆ ಕೈ ಹಾಕಬೇಡಿ.

ಒಂದು ಜಗಳ ಬಾಕಿ ಇದೆ. "ವಾಲ್ವ್ ರೆಕ್ಟಿಫೈಯರ್ ಯಾಕೆ ಮಗಾ, 1ಎನ್4007 ಹಾಕು" ಅಂತಾರೆ ಕ್ಲಾಸ್‌ಮೇಟ್ಸ್. 600-0-600 ಟ್ರಾನ್ಸ್‌ಫಾರ್ಮರ್‌ನಲ್ಲಿ ಪ್ರತಿ ಬದಿಯ ಡಯೋಡ್ ಮೇಲೆ ಸುಮಾರು 1700 ವೋಲ್ಟ್ ಉಲ್ಟಾ ಬೀಳುತ್ತೆ. ಆ ಡಯೋಡ್ ತಡೆಯೋದು 1000. ಬದಿಗೆ ಮೂರು ಸೀರೀಸಲ್ಲಿ ಹಾಕಿದ್ರೂ ಇನ್ನೊಂದು ತೊಂದರೆ: ವಾಲ್ವ್ ಬಿಸಿಯಾದ ಮೇಲಷ್ಟೇ ವೋಲ್ಟೇಜ್ ಏರಿಸುತ್ತೆ, ಡಯೋಡ್ ಸ್ವಿಚ್ ಒತ್ತಿದ ಕ್ಷಣ ಪೂರ್ತಿ ಕೊಡುತ್ತೆ, ಅದೂ ಸ್ವಲ್ಪ ಜಾಸ್ತಿಯೇ. ಹಳೇ ಕೆಪಾಸಿಟರ್‌ಗೆ ಅದು ಕೊನೇ ಏಟು. ನಾನು ವಾಲ್ವ್ ಪರ.

ಕೆಪಾಸಿಟರ್ ತರೋಕೆ ಹೋದಾಗ 450 ವೋಲ್ಟಿನ ಎರಡು ತಗೊಳ್ಳಿ, ಸೀರೀಸಲ್ಲಿ ಹಾಕಿ, ಪ್ರತಿಯೊಂದರ ಅಡ್ಡಕ್ಕೂ ಸಮಾನ ರೆಸಿಸ್ಟರ್ ಇರಲಿ. ಸೀರೀಸಲ್ಲಿ ಬೆಲೆ ಅರ್ಧವಾಗುತ್ತೆ, ಅಂದ್ರೆ 16 ಬೇಕಿದ್ರೆ 32ರ ಎರಡು. ಮತ್ತೆ, ಆಂಟೆನಾ ಹಾಕಿ ಮಾತಾಡೋಕೆ ಹ್ಯಾಮ್ ಲೈಸೆನ್ಸ್ ಬೇಕೇ ಬೇಕು. ಪರೀಕ್ಷೆ ಬಗ್ಗೆ ಭಾಗ 5ರಲ್ಲಿ.

#ಜಾಲಹಳ್ಳಿ #ಹ್ಯಾಮ್‌ರೇಡಿಯೋ #ವಾಲ್ವ್‌ಸೆಟ್