ಮೂರು ದಿನದಲ್ಲಿ ಐದು ದ್ವೀಪ: ಲೆಕ್ಕ ಕೂಡೋದಿಲ್ಲ ಸ್ವಾಮಿ!

ಬಸ್ ಸ್ಟ್ಯಾಂಡ್ ಎದುರಿನ ಬಟ್ಟೆ ಅಂಗಡಿಯ ಮಾಲೀಕರೊಬ್ಬರು ಮೊನ್ನೆ ಸಂಜೆ ಕರೆದು ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಹುಬ್ಬಳ್ಳಿಯಿಂದ ಮಗಳು, ಅಳಿಯಂದಿರು, ಇಬ್ಬರು ಮೊಮ್ಮಕ್ಕಳು ಬರ್ತಾರಂತೆ. ಚೀಟಿಯಲ್ಲಿ ಅಳಿಯಂದಿರ ಕಾರ್ಯಕ್ರಮ ಇತ್ತು. ಕಾರವಾರದ ಕೂರ್ಮಗಡ, ದೇವಗಡ, ಹೊನ್ನಾವರದ ಬಸವರಾಜದುರ್ಗ, ಮುರ್ಡೇಶ್ವರದ ಎದುರಿನ ನೇತ್ರಾಣಿ, ಮಲ್ಪೆಯ ಸೇಂಟ್ ಮೇರೀಸ್. ನಡುವೆ ಗೋಕರ್ಣದ ಗುಡ್ಡ ಹತ್ತೋದು. ಕೊನೆಯ ಸಾಲು: 'ತಿಮಿಂಗಿಲ ನೋಡುವುದು'. ಒಟ್ಟು ಮೂರು ದಿನ!

"ಸೋಮವಾರ ಅವರು ಡ್ಯೂಟಿಗೆ ಹಾಜರಾಗ್ಬೇಕು. ಆಗ್ತದಾ ಹೇಳಿ?" ಅಂದರು ಸಾಹುಕಾರರು.

ಆಗೋದಿಲ್ಲ. ಯಾಕೆ ಅಂತ ಹೇಳುವುದೂ ಅಗತ್ಯ. ಯಾಕಂದ್ರೆ ಇಂಥ ಚೀಟಿ ಹಿಡಿದು ಬರುವವರು ಇವರೊಬ್ಬರೇ ಅಲ್ಲ. ರಜೆ ಬಂತೆಂದರೆ ಗಾಡಿ ತುಂಬಾ ಜನ, ಜನರ ತಲೆ ತುಂಬಾ ಇದೇ ಲೆಕ್ಕ.

ಮೊದಲ ತಪ್ಪು, ನಕ್ಷೆ ನೋಡಿ ಮಾಡಿದ ತಪ್ಪು. ನಕ್ಷೆಯಲ್ಲಿ ದ್ವೀಪಗಳು ಸಾಲಾಗಿ ಕಾಣ್ತವೆ. ಒಂದರಿಂದ ಒಂದಕ್ಕೆ ಹಾರಿಕೊಂಡು ಹೋಗಬಹುದು ಅನ್ನಿಸ್ತದೆ. ಹಾಗೆ ಊರಿಂದೂರಿಗೆ ದ್ವೀಪ ಮುಟ್ಟಿಕೊಂಡು ಹೋಗುವ ದೋಣಿ ಸರ್ವೀಸು ನಮ್ಮಲ್ಲಿ ಇಲ್ಲ. ಪ್ರತಿ ಸಲವೂ ದಡಕ್ಕೆ ಮರಳಿ, ಬಸ್ಸೋ ರೈಲೋ ಹಿಡಿದು, ಮುಂದಿನ ಊರಲ್ಲಿ ಮತ್ತೆ ದೋಣಿ ಹುಡುಕಬೇಕು. ಕಾರವಾರದಿಂದ ಮಲ್ಪೆಗೆ ಸುಮಾರು 200 ಕಿ.ಮೀ. ಅಂದರೆ ದ್ವೀಪ ಪ್ರವಾಸ ಎಂಬ ಹೆಸರಿನಲ್ಲಿ ಅರ್ಧಕ್ಕರ್ಧ ಹೈವೇ ಪ್ರವಾಸ. ಮೊಮ್ಮಕ್ಕಳು ನೋಡುವುದು ಲಾರಿಗಳ ಹಿಂಭಾಗ.

ಎರಡನೆಯದು ಸಮುದ್ರದ ಟೈಂಟೇಬಲ್ಲು. ಮಳೆಗಾಲದಲ್ಲಿ ಪ್ರವಾಸಿ ದೋಣಿ ಬಂದ್. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುವಾಗ ಪ್ರವಾಸಿಗರ ಮಾತೆಲ್ಲಿ? ಉಳಿದ ತಿಂಗಳಲ್ಲೂ ಬೆಳಿಗ್ಗೆ ಶಾಂತವಾಗಿರುವ ನೀರು ಮಧ್ಯಾಹ್ನದ ಗಾಳಿಗೆ ಏಳ್ತದೆ. ಆದ್ದರಿಂದ ದಿನಕ್ಕೆ ಒಂದೇ ದ್ವೀಪ, ಅದೂ ಬೆಳಿಗ್ಗೆ. ಮಧ್ಯಾಹ್ನ ಬೇಕಾದರೆ ನಡೀರಿ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ತನಕ ಗುಡ್ಡದ ಅಂಚಿನ ಕಾಲುದಾರಿ ಇದೆ. ಬಿಸಿಲು ಇಳಿದ ಮೇಲೆ ಹೊರಟು ಕತ್ತಲಾಗುವ ಮೊದಲು ಹಿಂದಿರುಗಬೇಕು, ಅಷ್ಟೆ.

ಈಗ ನಿಜವಾದ ಮಾತಿಗೆ ಬರೋಣ. 2019ರ ಜನವರಿ 21, ಕೂರ್ಮಗಡದ ನರಸಿಂಹ ದೇವರ ಜಾತ್ರೆ. ವಾಪಸು ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ದೋಣಿಯಲ್ಲಿ ಮಿತಿ ಮೀರಿ ಜನ ಇದ್ದರು. ಅವರೂ ಬಂದದ್ದು ಸಂಸಾರ ಸಮೇತ, ದೇವರ ದರ್ಶನಕ್ಕೆ. 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರೀಸ್‌ನಲ್ಲಿ ಕೇರಳದ ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು. ಆಮೇಲೆ ಕೆಲವು ದಿನ ಬೀಚ್ ಮುಚ್ಚಿದರು, ಮತ್ತೆ ತೆರೆದರು.

ದೋಣಿಯವರನ್ನು ಬೈದು ಸುಮ್ಮನಾಗುವುದು ಸುಲಭ. ಅವರ ದುಡಿಮೆ ವರ್ಷದಲ್ಲಿ ಕೆಲವೇ ತಿಂಗಳು, ಅದರಲ್ಲೂ ರಜೆಯ ದಿನ, ಜಾತ್ರೆಯ ದಿನ. ಆ ದಿನವೇ ದಡದಲ್ಲಿ ನೂಕುನುಗ್ಗಲು. "ನಮ್ದೂ ಇಬ್ರೇ, ಹತ್ತಿಸ್ಕೊಳ್ಳಿ ಮಾರಾಯ್ರೇ, ಬಸ್ಸು ತಪ್ತದೆ" ಅನ್ನುವವರು ಯಾರು? ಮೂರು ದಿನದಲ್ಲಿ ಐದು ದ್ವೀಪದ ಚೀಟಿ ಹಿಡಿದು ಬಂದವರೇ. ಅವಸರ ಅವರದ್ದು, ಆಸೆ ಇವರದ್ದು. ನಡುವೆ ನಿಂತು ತಲೆ ಎಣಿಸಬೇಕಾದ ಅಧಿಕಾರಿ ದುರಂತದ ಮರುವಾರ ಇರ್ತಾರೆ. ಮರುವರ್ಷದ ಮಾತು ನೀವೇ ಹೇಳಿ.

ಇನ್ನು ತಿಮಿಂಗಿಲ. ನಮ್ಮ ಕರಾವಳಿಯಲ್ಲಿ ಅದರ ಸುದ್ದಿ ಬರುವುದು ಎರಡೇ ರೀತಿ. ಒಂದೋ ಸತ್ತು ದಡಕ್ಕೆ ಬಿದ್ದದ್ದು, ಇಲ್ಲಾ ಅದರ ವಾಂತಿ ಮಾರಲು ಹೋದವರು ಪೊಲೀಸರ ಕೈಗೆ ಸಿಕ್ಕಿದ್ದು! ಜೀವಂತ ತಿಮಿಂಗಿಲ ನಮ್ಮ ಸಮುದ್ರದಲ್ಲಿ ಇಲ್ಲ ಅಂತಲ್ಲ. ನಮ್ಮ ಕಡೆ ದಡದಿಂದ ಬಹುದೂರದವರೆಗೆ ಸಮುದ್ರ ಅಷ್ಟು ಆಳವಿಲ್ಲ. ಶ್ರೀಲಂಕಾದ ಮಿರಿಸ್ಸಾದಲ್ಲಿ ಆಳ ನೀರು ದಡಕ್ಕೆ ಹತ್ತಿರ ಇದೆ, ಹಾಗಾಗಿ ಡಿಸೆಂಬರ್‌ನಿಂದ ಏಪ್ರಿಲ್ ತನಕ ಬೆಳಿಗ್ಗೆ ಹೋಗಿ ನೀಲಿ ತಿಮಿಂಗಿಲ ನೋಡಿ ಊಟದ ಹೊತ್ತಿಗೆ ಬರ್ತಾರೆ. ಇಲ್ಲಿ ಯಾರಾದರೂ ತಿಮಿಂಗಿಲ ತೋರಿಸ್ತೇನೆ ಅಂತ ಮುಂಗಡ ಕೇಳಿದರೆ ಕೊಡಬೇಡಿ. ಕಾಳಿ ನದಿ ಸಮುದ್ರ ಸೇರುವ ಕಡೆ ಡಾಲ್ಫಿನ್ ಇವೆ. ಅವು ಬೆನ್ನು ತೋರಿಸಿ ಮುಳುಗಿದರೆ ಮಕ್ಕಳಿಗೆ ಅದೇ ದೊಡ್ಡದು.

ನೇತ್ರಾಣಿಗೆ ಹೋಗುವವರು ಹೆಚ್ಚಾಗಿ ನೀರಿನಡಿ ಹವಳ, ಮೀನು ನೋಡಲು ಧುಮುಕುವವರು. ಪುಟ್ಟ ಮಕ್ಕಳ ಜಾಗ ಅದಲ್ಲ. ಮಲ್ಪೆಯ ಕಂಬದಂಥ ಬಂಡೆಗಳು ಎಲ್ಲೂ ಓಡಿಹೋಗೋದಿಲ್ಲ, ಇನ್ನೊಂದು ರಜೆಗೆ ಇರಲಿ. ಬಸವರಾಜದುರ್ಗದಲ್ಲಿ ಹಳೇ ಕೋಟೆ ಇದೆ, ಹತ್ತಲು ಗುಡ್ಡವೂ ಇದೆ. ಹಾಗೆ ನೋಡಿದರೆ ಒಂದೇ ಪ್ರಯಾಣದಲ್ಲಿ ಚೀಟಿಯ ಎರಡು ಸಾಲು ಮುಗೀತದೆ.

ಇಷ್ಟು ಹೇಳಿದ ಮೇಲೆ ಸಾಹುಕಾರರು ಪೆನ್ನು ತೆಗೆದು ಮೂರು ದ್ವೀಪ ಹೊಡೆದುಹಾಕಿದರು. ತಿಮಿಂಗಿಲದ ಮೇಲೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು ಅದನ್ನೂ ಹೊಡೆದರು. ಆಮೇಲೆ ಕೇಳಿದರು: "ಅದಿರ್ಲಿ, ನಾಲ್ಕು ವರ್ಷದ ಹುಡುಗಿಗೆ ಸರಿಹೊಂದೋ ಜಾಕೆಟ್ ದೋಣಿಯವರ ಹತ್ರ ಇರ್ತದಾ?"

ನಾನು ಎರಡು ಕಡೆ ವಿಚಾರಿಸಿದೆ. ದೊಡ್ಡವರದ್ದು ಇದೆ, ಕಟ್ಟಿ ಬಿಗಿ ಮಾಡಿ ಕೊಡ್ತೇವೆ ಅಂದರು.