ನಳಿಗೆಯ ಲೋಳೆಯೂ ವೈರಸಿನ ಕಾವಲೂ

ಮೂತ್ರ ಕಟ್ಟಿದ ರೋಗಿಗೆ ಆಸ್ಪತ್ರೆಯಲ್ಲಿ ನಳಿಗೆ ಹಾಕುತ್ತಾರೆ. ಕ್ಯಾಥೆಟರ್ ಎಂದು ಅದರ ಹೆಸರು. ಅದು ಪ್ರಾಣ ಉಳಿಸುವ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ನಳಿಗೆಯನ್ನು ಹತ್ತಿಕೊಂಡು ರೋಗಾಣುಗಳು ಮೈಯೊಳಗೆ ಸೇರುತ್ತವೆ. ಒಂದು ಬೇನೆ ವಾಸಿಮಾಡಿಸಿಕೊಳ್ಳಲು ಹೋದವನು ಇನ್ನೊಂದನ್ನು ಹೊತ್ತು ತರುತ್ತಾನೆ. ಉಳ್ಳವನಿಗೆ ಇದು ಇನ್ನಷ್ಟು ಖರ್ಚು; ಕೂಲಿಯವನಿಗೆ ಹೊಸ ಸಾಲ.

ಕೆರೆಯ ಮೆಟ್ಟಿಲಿನ ಮೇಲೆ ಪಾಚಿ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ನಳಿಗೆಯ ಮೇಲೆಯೂ ಹಾಗೆಯೇ. ಬ್ಯಾಕ್ಟೀರಿಯಗಳು ಮೊದಲು ಅಂಟಿಕೊಳ್ಳುತ್ತವೆ, ಬಳಿಕ ತಮ್ಮ ಸುತ್ತ ಲೋಳೆಯ ಕೋಟೆ ಕಟ್ಟಿಕೊಳ್ಳುತ್ತವೆ. ಕೋಟೆಯೊಳಗೆ ಸೇರಿದ ಮೇಲೆ ಔಷಧಿಗೆ ಅವು ಸುಲಭವಾಗಿ ಜಗ್ಗುವುದಿಲ್ಲ. ನಳಿಗೆ ಇರುವ ಪ್ರತಿಯೊಂದು ದಿನವೂ ಅಪಾಯ ಏರುತ್ತ ಹೋಗುತ್ತದೆ. ಔಷಧಿಯ ಬಲವೂ ಕುಗ್ಗುತ್ತಿದೆ: ಔಷಧಿಗೆ ಮಣಿಯದ ಬ್ಯಾಕ್ಟೀರಿಯಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ತಜ್ಞರು ಅಂದಾಜು ಮಾಡಿದ್ದಾರೆ.

ಹಾಗಾದರೆ ಕೋಟೆ ಕಟ್ಟುವ ಮೊದಲೇ ತಡೆಯಲಾಗದೆ? ಇಲ್ಲಿ ವಿಜ್ಞಾನಿಗಳು ಹಳೆಯದೊಂದು ಶೋಧದ ಕಡೆ ತಿರುಗಿದ್ದಾರೆ. ಬ್ಯಾಕ್ಟೀರಿಯವನ್ನೇ ತಿಂದು ಬದುಕುವ ವೈರಸುಗಳಿವೆ. ಇಂಗ್ಲೆಂಡಿನ ಟ್ವಾರ್ಟ್ 1915ರಲ್ಲಿ ಇವುಗಳ ಕುರುಹನ್ನು ಕಂಡನು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ದೆರೆಲ್ 1917ರಲ್ಲಿ ಇವಕ್ಕೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಿಟ್ಟನು. ಇದೇ ದೆರೆಲ್ 1927ರಲ್ಲಿ ಭಾರತಕ್ಕೆ ಬಂದು, ಪಂಜಾಬಿನಲ್ಲಿ ಕಾಲರಾದ ಮೇಲೆ ಇವನ್ನು ಪ್ರಯೋಗಿಸಿದನು. ಪೆನಿಸಿಲಿನ್ ಬಂದ ಮೇಲೆ ಪಶ್ಚಿಮದ ದೇಶಗಳು ಇದನ್ನು ಮರೆತವು. ಜಾರ್ಜಿಯದ ತ್ಬಿಲಿಸಿಯಲ್ಲಿ 1923ರಲ್ಲಿ ಆರಂಭವಾದ ಎಲಿಯಾವ ಸಂಸ್ಥೆ ಮಾತ್ರ ಇದನ್ನು ಬಿಡದೆ ಉಳಿಸಿಕೊಂಡಿತು.

ವೈರಸೆಂದೊಡನೆ ಗಾಬರಿಯಾಗಬೇಕಾಗಿಲ್ಲ. ಈ ಫೇಜುಗಳು ಮನುಷ್ಯನ ಜೀವಕೋಶಗಳನ್ನು ಮುಟ್ಟುವುದಿಲ್ಲ. ತಮಗೆ ತಕ್ಕ ಬ್ಯಾಕ್ಟೀರಿಯ ಸಿಕ್ಕಿದರೆ ಅದರೊಳಗೆ ಬೆಳೆದು, ಅದನ್ನು ಒಡೆದು, ಹಲವಾಗಿ ಹೊರಬರುತ್ತವೆ. ಇವನ್ನು ನಳಿಗೆಯ ಮೈಗೆ ಮೊದಲೇ ಲೇಪಿಸಿದರೆ, ಅಂಟಲು ಬಂದ ಶತ್ರು ಬಾಗಿಲಲ್ಲೇ ಸಾಯಬೇಕು. ಅಮೆರಿಕೆಯ ರೋಗನಿಯಂತ್ರಣ ಕೇಂದ್ರದವರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಫೇಜನ್ನು ಲೇಪಿಸಿದಾಗ ಮೊದಲ ದಿನ ರೋಗಾಣುಗಳು ಕುಗ್ಗಿದವು, ಎರಡನೆಯ ದಿನ ಮತ್ತೆ ಚಿಗುರಿದವು. ಐದು ಫೇಜುಗಳನ್ನು ಬೆರೆಸಿ ಲೇಪಿಸಿದಾಗ 48 ಗಂಟೆಗಳಾದ ಮೇಲೂ ರೋಗಾಣುಗಳು ಶೇಕಡ 99.9ರಷ್ಟು ಕಡಿಮೆ ಇದ್ದವು. ಒಗ್ಗಟ್ಟಿನ ಬಲ ಸೂಕ್ಷ್ಮಜೀವಿಗಳಲ್ಲಿಯೂ ಉಂಟು!

ಆದರೆ ಇಷ್ಟಕ್ಕೇ ಹಿಗ್ಗುವುದು ಸಲ್ಲದು. ಅದು ಗಾಜಿನ ಮನೆಯ ಪ್ರಯೋಗ. ರೋಗಿಯ ಮೈಯಲ್ಲಿ ನಳಿಗೆ ವಾರಗಟ್ಟಲೆ ಇರುತ್ತದೆ. ಒಂದು ಫೇಜು ಒಂದು ಬಗೆಯ ರೋಗಾಣುವನ್ನಷ್ಟೇ ಕೊಲ್ಲುತ್ತದೆ. ಲೇಪನ ಒಣಗಿದರೆ, ಕಾಯಿಸಿದರೆ, ಬಾಲದ ಕಡೆಯಿಂದ ಅಂಟಿಕೊಂಡರೆ ಅದು ನಿಷ್ಪ್ರಯೋಜಕ. ಈ ತೊಡಕುಗಳನ್ನು ಬಿಡಿಸಲು ವರ್ಷಗಟ್ಟಲೆ ದುಡಿಮೆ ಬೇಕು, ಹಣ ಬೇಕು.

ಆ ಹಣ ಯಾರದಾಗಬೇಕು ಎಂಬುದೇ ನಮ್ಮ ಪ್ರಶ್ನೆ. ಫೇಜುಗಳು ಹೊಳೆಯಲ್ಲಿ, ಚರಂಡಿಯಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಪ್ರಕೃತಿಯಲ್ಲಿ ಸಿಗುವ ಜೀವಿಯನ್ನು ಕಂಡುಹಿಡಿದ ಮಾತ್ರಕ್ಕೆ ಅದರ ಮೇಲೆ ಪೇಟೆಂಟು ಪಡೆಯಲು ನಮ್ಮ ಪೇಟೆಂಟ್ ಕಾಯ್ದೆ ಅವಕಾಶ ಕೊಡುವುದಿಲ್ಲ. ಆದರೆ ಅಂಟಿಸುವ ಹೊಸ ವಿಧಾನದ ಮೇಲೆ ಪೇಟೆಂಟು ಪಡೆಯಬಹುದು. ಪುಕ್ಕಟೆ ನೀರನ್ನು ಸೀಸೆಗೆ ತುಂಬಿ ಮಾರುವ ವ್ಯಾಪಾರ ಇಲ್ಲಿಯೂ ನಡೆಯಬಾರದೆಂದಿದ್ದರೆ, ಸರಕಾರದ ಸಂಶೋಧನಾಲಯಗಳೇ ಈ ಕೆಲಸವನ್ನು ಕೈಗೆತ್ತಿಕೊಂಡು ಫಲವನ್ನು ಸಾರ್ವಜನಿಕರ ಸ್ವತ್ತಾಗಿಸಬೇಕು. ಇಲ್ಲವಾದರೆ ಲೇಪನದ ನಳಿಗೆ ನರ್ಸಿಂಗ್ ಹೋಮಿಗೆ, ಬರಿಯ ನಳಿಗೆ ಧರ್ಮಾಸ್ಪತ್ರೆಗೆ ಎಂಬಂತಾದೀತು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಅಗತ್ಯವಿದ್ದರೆ ಮಾತ್ರ ನಳಿಗೆ ಹಾಕುವುದು, ಕೈ ತೊಳೆದು ಮುಟ್ಟುವುದು, ಮೂತ್ರದ ಚೀಲವನ್ನು ಕೆಳಮಟ್ಟದಲ್ಲಿಡುವುದು, ಕೆಲಸ ಮುಗಿದೊಡನೆ ತೆಗೆಯುವುದು. ಇವಕ್ಕೆ ಯಾವ ಪೇಟೆಂಟೂ ಇಲ್ಲ. ಆದರೆ ಒಬ್ಬಳೇ ದಾದಿ ತುಂಬಿದ ವಾರ್ಡನ್ನೆಲ್ಲ ನೋಡಿಕೊಳ್ಳಬೇಕಾದರೆ ಇವೂ ನಡೆಯಲಾರವು. ಸಾಕಷ್ಟು ದಾದಿಯರನ್ನು ನೇಮಿಸುವುದು ಸರಕಾರದ ಹೊಣೆ. ವಾರ್ಡಿನಲ್ಲಿ ನೆಂಟನ ಬಳಿ ಕುಳಿತ ಓದುಗರು ದಿನಕ್ಕೊಮ್ಮೆ ವಿನಯದಿಂದ ಕೇಳಲಿ: “ಡಾಕ್ಟರೇ, ಈ ನಳಿಗೆ ಇನ್ನೂ ಬೇಕೆ?” ಹಾಗೆ ಕೇಳುವುದು ಅವರ ಹಕ್ಕು.