ಲೈಸೆನ್ಸ್ ಇದ್ದರೆ ಅಡವಿಗೆ ತುಪಾಕಿ ಒಯ್ಯಬಹುದೇ?

ಮುಂಗಾರು ಬಿದ್ದು ಹತ್ತಿ, ತೊಗರಿ ಮೊಳಕೆ ಎರಡೆಲೆ ಆಯಿತೆಂದರೆ ಕೃಷ್ಣಾ, ಮಾಗನೂರು, ಮಕ್ತಲ್ ಕಡೆ ಹೊಲಗಳಿಗೆ ಚಿಗರಿ ಹಿಂಡು ಇಳಿಯುತ್ತದೆ. ಮೇದ ಸಾಲಿಗೆ ಮತ್ತೆ ಬೀಜ ಕೊಳ್ಳಬೇಕು. ಹೀಗಾಗಿ ಅಡತಿ ಅಂಗಡಿ ಕಟ್ಟೆಯ ಮೇಲೆ ‘ಬೆಳೆ ಕಾಯಾಕ ತುಪಾಕಿ ಲೈಸೆನ್ಸ್ ಕೊಡಸ್ರಿ’ ಎಂಬ ಮಾತು ನಾನು ವರ್ಷವೂ ಕೇಳುತ್ತೇನೆ. ತುಪಾಕಿ ಅನ್ನೋ ಪದ ನಮ್ಮ ಎರಡೂ ಭಾಷೆಗೆ ಒಂದೇ. ಕಾಯ್ದೆ ಮಾತ್ರ ಜಾಗ ನೋಡಿ ಬೇರೆ ಮಾತಾಡುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ, ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಪರವಾನಗಿ ಮೊದಲೇ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಅದೇ. ತುಪಾಕಿ ಲೈಸೆನ್ಸ್ ಬೇರೆ, ಈ ಪರವಾನಗಿ ಬೇರೆ.

ಗದ್ವಾಲದವರು ಅಚ್ಚಂಪೇಟೆ, ಮನ್ನನೂರು ಮೇಲೆ ಶ್ರೀಶೈಲಕ್ಕೆ ಹೊರಟರೆ ರಸ್ತೆ ಅಮ್ರಾಬಾದ್ ಹುಲಿ ಅಡವಿಯನ್ನು ಸೀಳಿಕೊಂಡು ಹೋಗುತ್ತದೆ. ಹೆದ್ದಾರಿ ಹಿಡಿದು ದಾಟುವವನಿಗೆ ಪ್ರವೇಶದ ಪರವಾನಗಿ ಬೇಡವೆಂದು 27ನೇ ಕಲಂ ಹೇಳುತ್ತದೆ. 31ರಲ್ಲಿ ಹೆದ್ದಾರಿಯ ಮಾತೇ ಇಲ್ಲ. ಮನುಷ್ಯ ಹೋಗಬಹುದು, ಡಿಕ್ಕಿಯೊಳಗಿನ ತುಪಾಕಿ ಹೋಗಂಗಿಲ್ಲ. ತೋಟಾ, ಸ್ಫೋಟಕ, ಬಲೆ, ಉರುಲು, ವಿಷ, ಚಾಕು ಸಹ ಕಾಯ್ದೆಯ ಲೆಕ್ಕದಲ್ಲಿ ಆಯುಧವೇ. ಬುತ್ತಿಗಂಟಿನ ಉಳ್ಳಾಗಡ್ಡಿ ಚಾಕುವಿಗೆ ಯಾವ ಗಾರ್ಡೂ ಬೆನ್ನು ಹತ್ತಲಿಕ್ಕಿಲ್ಲ, ಆ ಮಾತು ಬೇರೆ.

ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸವಿರುವವರು 34ನೇ ಕಲಂ ಪ್ರಕಾರ ಹೆಸರು ನೋಂದಾಯಿಸಬೇಕು. ಹೊಸ ಲೈಸೆನ್ಸಿಗೆ ಮುಖ್ಯ ವಾರ್ಡನ್ ಒಪ್ಪಿಗೆ ಬೇಕು. ಕೊಡಗಿನ ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆ. ಆದರೆ ನೋಂದಣಿಯ ಮಾತಿನಲ್ಲಿ ಈ ಕಲಂ ವಿನಾಯಿತಿ ಪಡೆದವರನ್ನೂ ಬಿಟ್ಟಿಲ್ಲ.

ಇನ್ನು ನಮ್ಮ ಹೊಲ. ಮಾಗನೂರಿನ ಹೊಲ ಅಭಯಾರಣ್ಯವಲ್ಲ, 31 ಇಲ್ಲಿಗೆ ತಾಕದು. ಆದರೆ ಚಿಗರಿ, ಅಂದರೆ ಕೃಷ್ಣಮೃಗ, ಒಂದನೇ ಅನುಸೂಚಿಯ ಪ್ರಾಣಿ. ಎಲ್ಲಿ ಓಡಿದರೂ ರಕ್ಷಣೆ ಅದರ ಬೆನ್ನಿಗೇ ಇರುತ್ತದೆ. ಕಾಡುಹಂದಿ ಬೆಳೆ ಕೆಡಿಸಿದರೆ ಕೊಲ್ಲಲು ಅಪ್ಪಣೆ ಕೊಡುವ ದಾರಿ 11ನೇ ಕಲಮಿನಲ್ಲಿದೆ. ಬೆಳೆ ತಿಂದಿತೆಂಬ ಕಾರಣಕ್ಕೆ ಚಿಗರಿ ಕೊಲ್ಲಲು ಅಂಥ ದಾರಿಯಿಲ್ಲ. ಹೊಡೆದರೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯ ಮೇಲೆ ದಂಡ ಕನಿಷ್ಠ 25,000 ರೂಪಾಯಿ. ಹಾಗಾದರೆ ಆ ಲೈಸೆನ್ಸ್ ತಂದು ಮಾಡೋದೇನು?

ಕೇಳಬೇಕಾದದ್ದು ಬೆಳೆ ಪರಿಹಾರ, ಮತ್ತು ಹಿಂಡನ್ನು ಹಿಡಿದು ಬೇರೆ ನೆಲೆಗೆ ಸಾಗಿಸುವ ಕೆಲಸ. 12ನೇ ಕಲಂ ಇದಕ್ಕೆ ಅವಕಾಶ ಕೊಟ್ಟಿದೆ. ಒಂದನೇ ಅನುಸೂಚಿಯ ಪ್ರಾಣಿಯಾದ್ದರಿಂದ ಕೇಂದ್ರದ ಅನುಮತಿ ಬೇಕು, ತಡವಾಗುತ್ತದೆ. ಅರ್ಜಿ ಒಬ್ಬೊಬ್ಬರೇ ಅಲ್ಲ, ಊರು ಕೂಡಿ, ತೆಲುಗಿನಲ್ಲೇ ಬರೆಯಿರಿ. ನಾರಾಯಣಪೇಟೆ ಕಚೇರಿಯಲ್ಲಿ ಅದೇ ಓಡುತ್ತದೆ. ಸರ್ವೆ ನಂಬರ್, ಬೆಳೆ, ಮೇದ ತಾರೀಖು ಬರೆದು, ಎರಡನೇ ಬಿತ್ತನೆಯ ಬೀಜದ ರಸೀತಿ ಹಚ್ಚಿರಿ.